ಕಾಲೂರದ ಸವಾರಿ: ಸೈಕಲ್ ಚೌಕಟ್ಟು ಬೆಳೆದುಬಂದ ದಾರಿ

ಸೈಕಲ್ ಸ್ಪರ್ಧೆ ಎಂದೊಡನೆ ವೇಗದ ಚಿತ್ರವೇ ಕಣ್ಣಮುಂದೆ ಬರುತ್ತದೆ. ಆದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಊರುಗಳಿಗೂ ಹೊಸದಲ್ಲದ ಇನ್ನೊಂದು ಸ್ಪರ್ಧೆಯಿದೆ. ಅದೇ ನಿಧಾನ ಸೈಕಲ್ ಸ್ಪರ್ಧೆ. ಇದರಲ್ಲಿ ಎಲ್ಲರಿಗಿಂತ ಕೊನೆಗೆ ಗುರಿ ತಲುಪಿದವರೇ ಗೆದ್ದವರು. ನಿಯಮ ಎರಡೇ: ಗೆರೆ ದಾಟಬಾರದು, ಕಾಲೂರಬಾರದು.

ಹಿರಿಯ ಶಿಕ್ಷಕರಿಗೆ ಇನ್ನೊಂದು ನೆನಪೂ ಇರಬಹುದು. ಒಂದು ಕಾಲಕ್ಕೆ ನಮ್ಮ ಹಳ್ಳಿಗಳಿಗೆ ಸೈಕಲ್ ಆಟದವರು ಬರುತ್ತಿದ್ದರು. ಊರ ಬಯಲಿನಲ್ಲಿ ದಿನಗಟ್ಟಲೆ ಸುತ್ತು ಹಾಕುತ್ತ, ಸೈಕಲ್ ಮೇಲೆಯೇ ಊಟ, ಸ್ನಾನ ಮುಗಿಸುತ್ತ, ನೆಲಕ್ಕೆ ಕಾಲಿಡದೆ ಜನರನ್ನು ಬೆರಗುಗೊಳಿಸುತ್ತಿದ್ದರು. ಅವರ ಬಳಿ ವಿಶೇಷ ಸೈಕಲ್ ಇರುತ್ತಿರಲಿಲ್ಲ. ಹಾಲು, ಮೇವು ಸಾಗಿಸುವ ಸಾಮಾನ್ಯ ಸೈಕಲ್ಲೇ ಅವರ ಸಾಧನ.

ಇದೇ 'ಕಾಲೂರಬಾರದು' ಎಂಬ ನಿಯಮದ ಮೇಲೆ ನಿಂತ ಅಂತರರಾಷ್ಟ್ರೀಯ ಕ್ರೀಡೆಯೊಂದಿದೆ. ಅದರ ಹೆಸರು 'ಟ್ರಯಲ್ಸ್'. ಬಂಡೆ, ಮರದ ದಿಮ್ಮಿ, ಕಟ್ಟೆಗಳ ಮೇಲೆ ಸೈಕಲ್ಲನ್ನು ಹತ್ತಿಸಿ, ಇಳಿಸಿ, ನಿಂತಲ್ಲೇ ಕುಪ್ಪಳಿಸಿ ದಾಟುವ ಆಟವಿದು. ಆದರೆ ಟ್ರಯಲ್ಸ್ ಸೈಕಲ್ಲನ್ನು ನಮ್ಮ ಮನೆಯ ಸೈಕಲ್ಲಿನ ಪಕ್ಕದಲ್ಲಿ ನಿಲ್ಲಿಸಿದರೆ ಎರಡೂ ಒಂದೇ ಜಾತಿಯ ವಾಹನಗಳೆಂದು ನಂಬುವುದು ಕಷ್ಟ. ಟ್ರಯಲ್ಸ್ ಸೈಕಲ್ಲಿಗೆ ಸೀಟು ಕೂಡ ಇರುವುದಿಲ್ಲ! ನಿಯಮ ಒಂದೇ ಆದರೂ ಸಾಧನಗಳು ಇಷ್ಟು ಬೇರೆಯಾದದ್ದು ಏಕೆ? ಉತ್ತರ ಸೈಕಲ್ಲಿನ ಇತಿಹಾಸದಲ್ಲಿದೆ.

ಚಕ್ರದ ಗಾತ್ರದಿಂದ ಬಿಡುಗಡೆ

1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಮರದ ಚೌಕಟ್ಟಿಗೆ ಒಂದರ ಹಿಂದೊಂದು ಎರಡು ಚಕ್ರ ಜೋಡಿಸಿದ. ಅದಕ್ಕೆ ಪೆಡಲ್ ಇರಲಿಲ್ಲ. ನೆಲವನ್ನು ಕಾಲಿನಿಂದ ಒದ್ದು ಮುಂದೆ ಸಾಗಬೇಕಿತ್ತು. 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಮುಂದಿನ ಚಕ್ರಕ್ಕೇ ಪೆಡಲ್ ಬಂದಿತು. ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರವೂ ಒಂದೇ ಸುತ್ತು. ಹೀಗಾಗಿ ಹೆಚ್ಚು ದೂರ ಸಾಗಲು ಚಕ್ರವನ್ನೇ ದೊಡ್ಡದು ಮಾಡಬೇಕಾಯಿತು. 1870ರ ದಶಕದ 'ಎತ್ತರದ ಚಕ್ರ'ದ ಸೈಕಲ್ ಹುಟ್ಟಿದ್ದು ಹೀಗೆ. ಅದರ ಸವಾರ ಮುಂದಿನ ಚಕ್ರದ ನೆತ್ತಿಯ ಹತ್ತಿರವೇ ಕೂರುತ್ತಿದ್ದ. ಸಣ್ಣ ಕಲ್ಲು ತಗುಲಿದರೂ ಮುಂದಕ್ಕೆ ತಲೆಕೆಳಗಾಗಿ ಬೀಳುವ ಅಪಾಯವಿತ್ತು.

ಈ ಕಟ್ಟನ್ನು ಬಿಡಿಸಿದ್ದು ಚೈನು. 1880ರಲ್ಲಿ ಮ್ಯಾಂಚೆಸ್ಟರ್‌ನ ಹ್ಯಾನ್ಸ್ ರೆನಾಲ್ಡ್ ಉರುಳೆ ಇರುವ ಗಟ್ಟಿ ಚೈನನ್ನು ರೂಪಿಸಿದ. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ 'ರೋವರ್' ಸೈಕಲ್ಲಿನಲ್ಲಿ ಚೈನಿನಿಂದ ಹಿಂದಿನ ಚಕ್ರವನ್ನು ತಿರುಗಿಸಿದ. ಎಷ್ಟು ದೂರ ಸಾಗಬೇಕೆಂಬುದನ್ನು ಇನ್ನು ಮುಂದೆ ಹಲ್ಲುಚಕ್ರಗಳ ಅನುಪಾತ ನಿರ್ಧರಿಸತೊಡಗಿತು. ಚಕ್ರಗಳು ಮತ್ತೆ ಚಿಕ್ಕದಾದವು, ಸವಾರ ನೆಲಕ್ಕೆ ಹತ್ತಿರವಾದ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ತಂದ. 1890ರ ದಶಕದಲ್ಲಿ ಕೊಳವೆಗಳ ವಜ್ರಾಕೃತಿಯ ಚೌಕಟ್ಟು ಸ್ಥಿರಪಟ್ಟಿತು. ಅದರಲ್ಲಿ ಮುಖ್ಯವಾಗಿರುವುದು ತ್ರಿಕೋನಗಳು. ಮೂರು ಬಾಹುಗಳ ಉದ್ದ ಬದಲಾಗದೆ ತ್ರಿಕೋನದ ಆಕಾರ ಬದಲಾಗಲಾರದು. ಆದ್ದರಿಂದಲೇ ಅದು ಕಡಿಮೆ ತೂಕದಲ್ಲಿ ಹೆಚ್ಚು ಭಾರ ಹೊರುತ್ತದೆ.

ಎರೆಭೂಮಿಗೆ ಬಂದ ಸೈಕಲ್

ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ಈ ಮೂರೂ ಊರುಗಳು ಧಾರವಾಡ ಜಿಲ್ಲೆಯಲ್ಲಿದ್ದವು. 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದವು. ಸ್ವಾತಂತ್ರ್ಯಪೂರ್ವದಲ್ಲಿ ನಮ್ಮ ದೇಶಕ್ಕೆ ಬರುತ್ತಿದ್ದ ಸೈಕಲ್‌ಗಳಲ್ಲಿ ಹೆಚ್ಚಿನವು ಬ್ರಿಟಿಷ್ ತಯಾರಿಕೆಯವು. ಅನಂತರ ಮದ್ರಾಸಿನಲ್ಲಿ ಟಿ.ಐ. ಸೈಕಲ್ಸ್ (1949), ಸೋನಿಪತ್‌ನಲ್ಲಿ ಅಟ್ಲಾಸ್ (1951), ಲೂಧಿಯಾನದಲ್ಲಿ ಹೀರೋ (1956) ಕಂಪನಿಗಳು ಆರಂಭವಾದವು. ತಯಾರಕರು ಬದಲಾದರೂ ಮಾದರಿ ಮಾತ್ರ ಹೆಚ್ಚು ಬದಲಾಗಲಿಲ್ಲ. ಇಂಗ್ಲೆಂಡಿನ 'ರೋಡ್‌ಸ್ಟರ್' ಮಾದರಿಯೇ ನಮ್ಮ ಹಳ್ಳಿಯ ಸೈಕಲ್ ಆಯಿತು.

ಈ ಮಾದರಿಯ ಅಳತೆಗಳನ್ನು ಗಮನಿಸಿ. ಚಕ್ರ 28 ಅಂಗುಲ. ಎರಡು ಅಚ್ಚುಗಳ ನಡುವಿನ ಅಂತರ ಸುಮಾರು 115 ಸೆಂಟಿಮೀಟರ್. ಮುಂದಿನ ಚಿಮಟ ಚೆನ್ನಾಗಿ ಮುಂದಕ್ಕೆ ಓರೆಯಾಗಿರುತ್ತದೆ. ಪೆಡಲ್ ತಿರುಗುವ ಅಚ್ಚು ಚಕ್ರಗಳ ಅಚ್ಚಿನ ಮಟ್ಟಕ್ಕಿಂತ ಕೆಳಗಿರುತ್ತದೆ. ದೊಡ್ಡ ಚಕ್ರ ಗುಂಡಿಗಳ ಮೇಲೆ ಸುಲಭವಾಗಿ ಉರುಳುತ್ತದೆ. ಉದ್ದನೆಯ ಚೌಕಟ್ಟು ಕುಲುಕನ್ನು ತಗ್ಗಿಸುತ್ತದೆ. ಹಿಂದೆ ಒಣಮೆಣಸಿನಕಾಯಿ ಚೀಲವನ್ನೋ ಮೇವಿನ ಹೊರೆಯನ್ನೋ ಕಟ್ಟಿದರೂ ಮುಂದಿನ ಚಕ್ರ ಸುಲಭವಾಗಿ ಮೇಲೇಳುವುದಿಲ್ಲ. ಚಿಮಟದ ಓರೆಯಿಂದಾಗಿ ಸೈಕಲ್ ನೇರವಾಗಿ ಸಾಗಲು ಒಲವು ತೋರುತ್ತದೆ. ನೇರ ದಾರಿ, ದೂರದ ಸಂತೆ, ಭಾರದ ಹೊರೆ: ಈ ಮೂರಕ್ಕೂ ಇದು ತಕ್ಕ ಉತ್ತರ.

ಈ ಮಾದರಿಗೆ ಮಿತಿಗಳೂ ಇದ್ದವು. ಮಳೆ ಬಿದ್ದೊಡನೆ ನಮ್ಮ ಎರೆಮಣ್ಣು ನೀರು ಹೀರಿ ಉಬ್ಬಿ ಅಂಟಾಗುತ್ತದೆ. ಅದು ಟೈರಿಗೆ ಹತ್ತಿ, ಮಡ್‌ಗಾರ್ಡಿನ ಕಿರಿದಾದ ಸಂದಿಯಲ್ಲಿ ತುಂಬಿಕೊಂಡು ಚಕ್ರವನ್ನೇ ಕಟ್ಟಿಹಾಕುತ್ತದೆ. ಆಗ ಸೈಕಲ್ಲನ್ನು ಹೆಗಲ ಮೇಲೆ ಹೊರುವುದೊಂದೇ ದಾರಿ. ಇನ್ನು ಚೌಕಟ್ಟಿನ ಎತ್ತರ ವಯಸ್ಕರಿಗೆ ಸರಿಹೊಂದುವಂಥದು. ಮಕ್ಕಳು ಅಡ್ಡಪಟ್ಟಿಯ ಕೆಳಗಿನಿಂದ ಕಾಲು ತೂರಿಸಿ 'ಒಳಪೆಡಲ್' ಹೊಡೆದೇ ಸೈಕಲ್ ಕಲಿತರು. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆ ಆರಂಭಿಸಿತು. ಅಪ್ಪನ ಸೈಕಲ್ಲಿಗೆ ಕಾಯಬೇಕಾಗಿದ್ದ ಅನೇಕ ಮಕ್ಕಳಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಮೊದಲ ಬಾರಿಗೆ ತಮ್ಮದೇ ಸೈಕಲ್ ದೊರೆಯಿತು.

ವೇಗ ಇಳಿದಾಗ ಆಗುವುದೇನು?

ಚಲಿಸುವ ಸೈಕಲ್ ಏಕೆ ಬೀಳುವುದಿಲ್ಲ? ತಿರುಗುವ ಚಕ್ರಗಳ ಬುಗುರಿ ಗುಣವೇ ಕಾರಣವೆಂದು ಬಹುಕಾಲ ಹೇಳಲಾಗುತ್ತಿತ್ತು. 1899ರಲ್ಲಿ ಇಂಗ್ಲೆಂಡಿನ ವಿಪಲ್ ಸೈಕಲ್ಲಿನ ಚಲನೆಯ ಸಮೀಕರಣಗಳನ್ನು ಬರೆದ. 1970ರಲ್ಲಿ ಡೇವಿಡ್ ಜೋನ್ಸ್ ಎಂಬಾತ ಉಲ್ಟಾ ತಿರುಗುವ ಇನ್ನೊಂದು ಚಕ್ರವನ್ನು ಜೋಡಿಸಿ ಬುಗುರಿ ಗುಣವನ್ನು ರದ್ದುಗೊಳಿಸಿದರೂ ಸೈಕಲ್ ಸವಾರಿ ಸಾಧ್ಯವೆಂದು ತೋರಿಸಿದ. 2011ರಲ್ಲಿ ಡೆಲ್ಫ್ಟ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು ಇನ್ನೂ ಮುಂದೆ ಹೋದರು. ಬುಗುರಿ ಗುಣವಾಗಲಿ ಚಿಮಟದ ಓರೆಯಿಂದ ಬರುವ ಅನುಕೂಲವಾಗಲಿ ಇಲ್ಲದಿದ್ದರೂ, ತೂಕದ ಹಂಚಿಕೆ ಸರಿಯಾಗಿದ್ದರೆ ಸೈಕಲ್ ತಾನೇ ಸಮತೋಲ ಕಾಯ್ದುಕೊಳ್ಳಬಲ್ಲದೆಂದು ಅವರು ಪ್ರಯೋಗದಿಂದ ತೋರಿಸಿದರು. ಮುಖ್ಯ ವಿಷಯ ಇಷ್ಟು: ಸೈಕಲ್ ಯಾವ ಕಡೆಗೆ ವಾಲುತ್ತದೋ ಆ ಕಡೆಗೆ ಮುಂದಿನ ಚಕ್ರ ತಿರುಗಬೇಕು, ಆಗ ಚಕ್ರಗಳು ಮತ್ತೆ ಸವಾರನ ಭಾರದ ಕೆಳಗೆ ಬಂದು ನಿಲ್ಲುತ್ತವೆ.

ಈ ತಿದ್ದುಪಡಿಗೆ ವೇಗ ಬೇಕು. ಹ್ಯಾಂಡಲ್ ಸ್ವಲ್ಪ ತಿರುಗಿಸಿದಾಗ ಅಡ್ಡಕ್ಕೆ ದೊರೆಯುವ ವೇಗೋತ್ಕರ್ಷ, ವೇಗದ ವರ್ಗಕ್ಕೆ ಅನುಲೋಮವಾಗಿಯೂ ಅಚ್ಚುಗಳ ಅಂತರಕ್ಕೆ ವಿಲೋಮವಾಗಿಯೂ ಇರುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿದ್ದ ಸೈಕಲ್ 5 ಕಿ.ಮೀ.ಗೆ ಇಳಿದರೆ, ಅಷ್ಟೇ ತಿರುಗಿಸಿದ ಹ್ಯಾಂಡಲ್‌ನಿಂದ ಸಿಗುವ ತಿದ್ದುಪಡಿ ಹದಿನಾರನೇ ಒಂದು ಭಾಗ ಮಾತ್ರ. ನಿಧಾನ ಸ್ಪರ್ಧೆಯಲ್ಲಿ ಹ್ಯಾಂಡಲ್ ಅಷ್ಟೊಂದು ಆಚೀಚೆ ಹೊರಳುವುದು ಇದೇ ಕಾರಣದಿಂದ. ವೇಗ ಸೊನ್ನೆಯಾದಾಗ ಹ್ಯಾಂಡಲ್ ಬಹುಮಟ್ಟಿಗೆ ನಿರುಪಯೋಗಿ. ಉಳಿಯುವುದು ಒಂದೇ ಉಪಾಯ: ಸೈಕಲ್ಲನ್ನೇ ಎತ್ತಿ ಕುಪ್ಪಳಿಸಿ, ಚಕ್ರವನ್ನು ತನ್ನ ಭಾರದ ಕೆಳಕ್ಕೆ ಸರಿಸುವುದು. ಆಗ ಸಮತೋಲದ ಕೆಲಸ ಚೌಕಟ್ಟಿನಿಂದ ಸವಾರನ ದೇಹಕ್ಕೆ ವರ್ಗವಾಗುತ್ತದೆ. ಚೌಕಟ್ಟು ಮಾಡಬೇಕಾದ್ದು ದೇಹಕ್ಕೆ ಅಡ್ಡ ಬಾರದಂತೆ ದಾರಿ ಬಿಡುವುದು. ಟ್ರಯಲ್ಸ್ ಸೈಕಲ್ಲಿನ ವಿಚಿತ್ರ ರೂಪಕ್ಕೆಲ್ಲ ಮೂಲ ಇದೇ.

ಕೆಟಲೋನಿಯಾದ ಮಕ್ಕಳ ಆಟ

ಟ್ರಯಲ್ಸ್ ಮೊದಲು ಬ್ರಿಟನ್ನಿನಲ್ಲಿ ಮೋಟಾರ್ ಸೈಕಲ್ಲಿನ ಕ್ರೀಡೆಯಾಗಿತ್ತು. ಅಲ್ಲಿ ಕಾಲೂರಿದರೆ ದಂಡದ ಅಂಕ ಬೀಳುತ್ತಿತ್ತು. 1970ರ ದಶಕದಲ್ಲಿ ಸ್ಪೇನಿನ ಕೆಟಲೋನಿಯಾದಲ್ಲಿ ಅದು ಬಹಳ ಜನಪ್ರಿಯವಾಯಿತು. ಮೋಟಾರ್ ಸೈಕಲ್ ಏರುವ ವಯಸ್ಸಾಗದ ಮಕ್ಕಳು ಅದೇ ಆಟವನ್ನು ಚಿಕ್ಕ ಸೈಕಲ್‌ಗಳ ಮೇಲೆ ಆಡತೊಡಗಿದರು. ಮೊಂಟೆಸಾ ಮೋಟಾರ್ ಸೈಕಲ್ ಕಂಪನಿಯಲ್ಲಿದ್ದ ಪೆರೆ ಪಿ ಇದಕ್ಕೆಂದೇ ಚಿಕ್ಕ ಸೈಕಲ್‌ಗಳನ್ನು ರೂಪಿಸಿದರು. ಅವರ ಮಗ ಓಟ್ ಪಿ ಮುಂದೆ ವಿಶ್ವ ಚಾಂಪಿಯನ್ ಆದ. 1986ರಿಂದ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಟ್ರಯಲ್ಸ್‌ಗೆ ವಿಶ್ವ ಚಾಂಪಿಯನ್‌ಷಿಪ್ ನಡೆಸತೊಡಗಿತು. 20 ಅಂಗುಲ ಮತ್ತು 26 ಅಂಗುಲ ಚಕ್ರಗಳ ವಿಭಾಗಗಳು ಬಂದವು.

ಈಗ 20 ಅಂಗುಲದ ಟ್ರಯಲ್ಸ್ ಸೈಕಲ್ಲಿನ ಅಳತೆ ನೋಡೋಣ. ಅಚ್ಚುಗಳ ಅಂತರ ಸುಮಾರು ಒಂದೇ ಮೀಟರ್. ಪೆಡಲ್ ಅಚ್ಚು ಚಕ್ರಗಳ ಅಚ್ಚಿಗಿಂತ ಮೇಲಿರುತ್ತದೆ. ಬಂಡೆಗೆ ಹಲ್ಲುಚಕ್ರ ತಾಗಬಾರದಲ್ಲ! ಅಡ್ಡಪಟ್ಟಿ ಬಹಳ ತಗ್ಗು. ಸವಾರ ಸದಾ ನಿಂತೇ ಇರುವುದರಿಂದ ಸೀಟು ಬೇಡ. ಹಿಂದಿನ ಟೈರು ದಪ್ಪ, ಅದರಲ್ಲಿ ಗಾಳಿ ಕಡಿಮೆ.

ಭಾಗಗಳ ಆಯ್ಕೆಯ ಲೆಕ್ಕ

ಗೇರು: ರೋಡ್‌ಸ್ಟರ್‌ನಲ್ಲಿ ಮುಂದೆ 44, ಹಿಂದೆ 18 ಹಲ್ಲು ಇವೆಯೆಂದುಕೊಳ್ಳಿ. ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 5.4 ಮೀಟರ್ ಸಾಗುತ್ತದೆ. ಟ್ರಯಲ್ಸ್‌ನಲ್ಲಿ 20 ಅಂಗುಲ ಚಕ್ರಕ್ಕೆ 18 ಮತ್ತು 12 ಹಲ್ಲು ಹಾಕಿದರೆ ಸಾಗುವುದು ಸುಮಾರು 2.4 ಮೀಟರ್. ಕ್ರ್ಯಾಂಕಿನ ಉದ್ದ ಒಂದೇ ಆಗಿದ್ದರೆ, ಅದೇ ತುಳಿತಕ್ಕೆ ನೆಲದ ಮೇಲೆ ಸಿಗುವ ಬಲ ಎರಡು ಪಟ್ಟಿಗೂ ಹೆಚ್ಚು. ವೇಗವನ್ನು ಬಿಟ್ಟುಕೊಟ್ಟು ಬಲ ಪಡೆಯುವ ವ್ಯಾಪಾರ ಇದು.

ಫ್ರೀವೀಲ್: ಒಳಗಿನ ಹಲ್ಲುಗಳು 20 ಇದ್ದರೆ, ಅದು ಕಚ್ಚಿಕೊಳ್ಳುವ ಮೊದಲು 18 ಡಿಗ್ರಿಯವರೆಗೆ ಸಡಿಲವಾಗಿ ತಿರುಗಬಹುದು. ಸಂತೆಗೆ ಹೋಗುವವರಿಗೆ ಇದು ಗಮನಕ್ಕೂ ಬರುವುದಿಲ್ಲ. ಕಟ್ಟೆಯ ಅಂಚಿನಲ್ಲಿ ಒಂದೇ ಚಕ್ರದ ಮೇಲೆ ನಿಂತವನಿಗೆ ಆ ಸಡಿಲವೇ ಬೀಳಲು ಸಾಕು. ಟ್ರಯಲ್ಸ್‌ನಲ್ಲಿ 72 ಅಥವಾ 108 ಕಡೆ ಕಚ್ಚುವ ಫ್ರೀವೀಲ್ ಬಳಸುತ್ತಾರೆ. ಸಡಿಲ 5 ಡಿಗ್ರಿಗೆ, ಇಲ್ಲವೇ ಮೂರೂ ಚಿಲ್ಲರೆ ಡಿಗ್ರಿಗೆ ಇಳಿಯುತ್ತದೆ.

ಬ್ರೇಕು: ರೋಡ್‌ಸ್ಟರ್‌ನ ಸರಳಿನ ಬ್ರೇಕು ಉಕ್ಕಿನ ರಿಮ್ಮನ್ನು ಒತ್ತುತ್ತದೆ, ಒದ್ದೆಯಾದಾಗ ಹಿಡಿತ ಬಹಳ ಕುಗ್ಗುತ್ತದೆ. ಟ್ರಯಲ್ಸ್‌ನಲ್ಲಿ ಒಂದು ಬೆರಳಿನಿಂದ ಚಕ್ರ ಪೂರ್ತಿ ಕಟ್ಟಿಕೊಳ್ಳಬೇಕು. 1987ರಲ್ಲಿ ಜರ್ಮನಿಯ ಮಗುರಾ ಕಂಪನಿ ತಂದ ದ್ರವಚಾಲಿತ ರಿಮ್ ಬ್ರೇಕು ಈ ಆಟದವರಿಗೆ ವರವಾಯಿತು.

ಕ್ರ್ಯಾಂಕು: ನಮ್ಮ ಹಳೆಯ ಸೈಕಲ್‌ಗಳಲ್ಲಿ ಕ್ರ್ಯಾಂಕನ್ನು ಅಚ್ಚಿಗೆ ಬಿಗಿಯುವುದು ಒಂದು ಚಿಕ್ಕ ಕಾಟರ್ ಪಿನ್ನು. ಸಮನಾದ ತುಳಿತವನ್ನು ಅದು ತಾಳುತ್ತದೆ. ಮೇಲಿನಿಂದ ಜಿಗಿದಾಗ ಬೀಳುವ ಪೆಟ್ಟಿಗೆ ಪಿನ್ನು ನಜ್ಜುಗುಜ್ಜಾಗಿ ಕ್ರ್ಯಾಂಕು ಸಡಿಲವಾಗುತ್ತದೆ.

ಲೋಹ: ಉಕ್ಕಿನ ಸಾಂದ್ರತೆ ಸುಮಾರು 7.85, ಅಲ್ಯೂಮಿನಿಯಂ ಸುಮಾರು 2.7. ಆದರೆ ಅಲ್ಯೂಮಿನಿಯಂನ ಬಿಗಿತ ಉಕ್ಕಿನ ಮೂರನೇ ಒಂದರಷ್ಟೇ. ಅದಕ್ಕೇ ಅದರ ಕೊಳವೆಗಳು ದಪ್ಪ. ತೆಳುಗೋಡೆಯ ಕೊಳವೆಯ ಬಿಗಿತ ವ್ಯಾಸದ ಘನಕ್ಕೆ ಅನುಗುಣವಾಗಿ ಹೆಚ್ಚುವುದರಿಂದ ಈ ಕೊರತೆ ತುಂಬಿಬರುತ್ತದೆ. ಟ್ರಯಲ್ಸ್ ಚೌಕಟ್ಟುಗಳು ಬಹುತೇಕ ಅಲ್ಯೂಮಿನಿಯಂನವು. ಆದರೆ ಉಕ್ಕಿಗೆ ಒಂದು ಮಿತಿಯ ಒಳಗಿನ ಪೆಟ್ಟು ಎಷ್ಟು ಸಲ ಬಿದ್ದರೂ ತಾಳುವ ಗುಣವಿದೆ. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿಯಿಲ್ಲ. ಚಿಕ್ಕ ಪೆಟ್ಟುಗಳೂ ಲೆಕ್ಕಕ್ಕೆ ಸೇರುತ್ತ ಹೋಗಿ ಒಂದು ದಿನ ಬಿರುಕು ಕಾಣಿಸುತ್ತದೆ. ಮುರಿದ ಉಕ್ಕಿನ ಚೌಕಟ್ಟನ್ನು ಊರಿನ ಗ್ಯಾಸ್ ವೆಲ್ಡಿಂಗ್ ಅಂಗಡಿಯಲ್ಲಿ ಹಿತ್ತಾಳೆ ಬೆಸುಗೆಯಿಂದ ಸರಿಪಡಿಸಬಹುದು. ಶಾಖೋಪಚಾರದಿಂದ ಗಟ್ಟಿಯಾದ ಅಲ್ಯೂಮಿನಿಯಂಗೆ ಬೆಸುಗೆ ಹಾಕಿದರೆ ಅಲ್ಲಿಯ ಗಟ್ಟಿತನವೇ ಹೋಗುತ್ತದೆ.

ತರಗತಿಗೆ ಒಂದು ಪಾಠ

ಇತ್ತೀಚೆಗೆ ಮಕ್ಕಳು ಮೊಬೈಲ್‌ನಲ್ಲಿ ಟ್ರಯಲ್ಸ್ ಕಸರತ್ತು ನೋಡಿ ಶಾಲೆಯ ಸೈಕಲ್ಲಿನಲ್ಲೇ ಕಟ್ಟೆಯಿಂದ ಜಿಗಿಯುವುದುಂಟು. ದಪ್ಪ ಟೈರು, ಸ್ಪ್ರಿಂಗ್ ಚಿಮಟ ಇದ್ದ ಮಾತ್ರಕ್ಕೆ ಸೈಕಲ್ ಜಿಗಿತಕ್ಕೆ ತಕ್ಕುದಾಗುವುದಿಲ್ಲ. ಒಮ್ಮೆ ಬಾಗಿದ ಚಿಮಟವನ್ನು ಬಡಿದು ನೆಟ್ಟಗೆ ಮಾಡಿಸಿ ಮತ್ತೆ ಓಡಿಸುವುದಂತೂ ಮುಂಗೈ, ಹಲ್ಲು, ತಲೆಗಳನ್ನು ಪಣಕ್ಕಿಟ್ಟಂತೆ. ಬೈಯುವುದಕ್ಕಿಂತ ಅಳೆಯಲು ಕಲಿಸುವುದು ಮೇಲು.

ವಿದ್ಯಾರ್ಥಿಗಳು ತಮ್ಮ ಸೈಕಲ್‌ಗಳ ಅಚ್ಚುಗಳ ಅಂತರ, ಹಲ್ಲುಗಳ ಸಂಖ್ಯೆ, ಚಕ್ರದ ಸುತ್ತಳತೆ ಅಳೆದು ಪಟ್ಟಿ ಮಾಡಲಿ. ಬಳಿಕ ಮೈದಾನದಲ್ಲಿ 20 ಮೀಟರಿನ ನಿಧಾನ ಸ್ಪರ್ಧೆ ಇಟ್ಟು ಪ್ರತಿಯೊಬ್ಬರ ಸಮಯ ದಾಖಲಿಸಲಿ. ಒಬ್ಬನೇ ಸವಾರ ಬೇರೆ ಬೇರೆ ಸೈಕಲ್ ಓಡಿಸಿದರೆ ಚೌಕಟ್ಟಿನ ಪ್ರಭಾವ ತಿಳಿಯುತ್ತದೆ. ಒಂದೇ ಸೈಕಲ್ಲನ್ನು ಬೇರೆ ಬೇರೆಯವರು ಓಡಿಸಿದರೆ ಸವಾರನ ಕೌಶಲ ತಿಳಿಯುತ್ತದೆ. ಒಳ್ಳೆಯ ಸೈಕಲ್, ಕೆಟ್ಟ ಸೈಕಲ್ ಎಂಬ ಮಾತಿಗಿಂತ 'ಯಾವ ಕೆಲಸಕ್ಕೆ?' ಎಂಬ ಪ್ರಶ್ನೆ ಮೊದಲು ಬರಬೇಕೆಂಬುದು ಆ ಪಟ್ಟಿಯಿಂದಲೇ ಮಕ್ಕಳಿಗೆ ಮನವರಿಕೆಯಾದೀತು.