ನಡಕ್ಕೆ ನೋವು, ಹೊಟ್ಟೆಗೆ ಔಡಲೆಣ್ಣೆ

ತೆಲಂಗಾಣದ ಜಹೀರಾಬಾದ್ ಬಳಿಯ ಮೊಗುಡಂಪಲ್ಲಿಯಲ್ಲಿ ನಮ್ಮ ಮನೆಯ ಮಾತು ಕನ್ನಡ, ಹೊರಗೆ ತೆಲುಗು. 1956ಕ್ಕೆ ಮುಂಚೆ ಜಹೀರಾಬಾದ್, ನಾರಾಯಣಖೇಡ್ ತಾಲ್ಲೂಕುಗಳು ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾದಲ್ಲಿತ್ತು. ರಾಜ್ಯ ಬದಲಾದರೂ ಮನೆಮದ್ದು ಹಳೆಯದೇ ಉಳಿಯಿತು. ಯಾರಿಗಾದರೂ ನಡ ಹಿಡಿದರೆ ನಮ್ಮ ಆಯಿ ಬೆನ್ನು ಮುಟ್ಟುವ ಮೊದಲು ಕೇಳುತ್ತಿದ್ದಳು, "ಹೊಟ್ಟಿ ಸಾಫ್ ಅದ ಏನು?"

ಹೊಲದ ಬದುವಿನ ಔಡಲ ಬೀಜ ಹುರಿದು, ಒರಳಲ್ಲಿ ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸೌಟಿನಿಂದ ತೆಗೆದು, ನೀರಿನಂಶ ಹೋಗುವತನಕ ಮತ್ತೆ ಕಾಯಿಸುತ್ತಿದ್ದಳು. ಒಂದಿಷ್ಟು ನಡಕ್ಕೆ ತಿಕ್ಕಲು, ಒಂದಿಷ್ಟು ಶುಂಠಿ ಕಷಾಯದಲ್ಲಿ ಕುಡಿಯಲು. ಮರುದಿನ ಜೋಳದ ಅಂಬಲಿ ಬಿಟ್ಟು ಬೇರೇನೂ ಇಲ್ಲ.

ಈ ಪದ್ಧತಿಯ ಬೇರು ಆಳದ್ದು. ಮಾಧವಕರ ಬರೆದ ಆಯುರ್ವೇದ ಗ್ರಂಥ 'ಮಾಧವನಿದಾನ' ಆಮವಾತಕ್ಕೆ ಪ್ರತ್ಯೇಕ ಅಧ್ಯಾಯವನ್ನೇ ಕೊಟ್ಟಿದೆ. ಜೀರ್ಣವಾಗದೆ ಉಳಿದ ಆಮ ವಾತದೊಡನೆ ಸೇರಿ ತ್ರಿಕಸಂಧಿಯನ್ನು, ಅಂದರೆ ಬೆನ್ನಿನ ಬುಡದ ಕೀಲನ್ನು ಹೊಕ್ಕು ಮೈ ಸೆಟೆಸುತ್ತದೆ ಎಂಬುದು ಅದರ ವಿವರಣೆ. 11ನೇ ಶತಮಾನದ ಚಕ್ರಪಾಣಿದತ್ತ ಇದಕ್ಕೆ ಔಡಲೆಣ್ಣೆ ಹೇಳಿದ್ದಾನೆ. ಓದು ಬಾರದ ಆಯಿಯ ಕೈಗೆ ಆ ಮದ್ದು ಅವಳ ತಾಯಿಯಿಂದ ಬಂದಿತ್ತು.

ನಮ್ಮ ಕಾಕಾನಿಗೆ ಇಪ್ಪತ್ತರ ಹರೆಯದಲ್ಲೇ ನಸುಕಿನಲ್ಲಿ ಏಳಲಾಗುತ್ತಿರಲಿಲ್ಲ. ಕುಂಟೆ ಹೊಡೆಯುತ್ತ ನಡೆದರೆ ಬೆನ್ನು ಸಡಿಲ, ಕೂತರೆ ಮತ್ತೆ ಬಿಗಿ. ದುಡಿದು ಬಂದ ನೋವಾದರೆ ಮಲಗಿದಾಗ ತಗ್ಗಬೇಕಿತ್ತು. ಗುಟ್ಟು ಅಲ್ಲೇ ಇತ್ತು. ಎಣ್ಣೆ ಕುಡಿದಾಗಲೆಲ್ಲ ಹೊಟ್ಟೆ ಹಗುರಾಯಿತು, ಬೆನ್ನು ಮಾತ್ರ ಬಾಗುತ್ತಲೇ ಹೋಯಿತು. ಹೈದರಾಬಾದಿನಲ್ಲಿ ರೋಗಕ್ಕೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಹೆಸರು ಸಿಗುವಾಗ ಬೆನ್ನೆಲುಬಿನ ಮಣಿಗಳು ಒಂದಕ್ಕೊಂದು ಬೆಸೆದುಹೋಗಿದ್ದವು.

ಅತ್ತ ವಿಜ್ಞಾನವೂ ಹೊಟ್ಟೆಯ ದಾರಿಯನ್ನೇ ಹಿಡಿದಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಫಿನ್‌ಲೆಂಡಿನಲ್ಲಿ ಹಬ್ಬಿದ ರಕ್ತಭೇದಿಯ ನಂತರ ಕೀಲೂತ ಬಂದ 344 ಮಂದಿಯ ವಿವರವನ್ನು ವೈದ್ಯ ಪಾರೊನೆನ್ 1948ರಲ್ಲಿ ಪ್ರಕಟಿಸಿದರು. 1973ರಲ್ಲಿ ಲಂಡನ್ ಮತ್ತು ಲಾಸ್ ಏಂಜಲೀಸಿನ ವೈದ್ಯರು ಸ್ಪಾಂಡಿಲೈಟಿಸ್ ರೋಗಿಗಳಲ್ಲಿ ಹೆಚ್ಚಿನವರಿಗೆ ಎಚ್‌ಎಲ್‌ಎ-ಬಿ27 ಎಂಬ ವಂಶವಾಹಿ ಇರುವುದನ್ನು ಕಂಡರು. ಆದರೆ ಅದನ್ನು ಹೊತ್ತವರಲ್ಲಿ ಬಹುಪಾಲು ಜನರಿಗೆ ರೋಗ ಬರುವುದೇ ಇಲ್ಲ, ಬೇರೇನೋ ಜೊತೆಗೂಡಬೇಕು. 1980ರ ದಶಕದಲ್ಲಿ ಬೆಲ್ಜಿಯಂನ ಘೆಂಟ್‌ನಲ್ಲಿ ಮೀಲಾಂಟ್ಸ್ ಮತ್ತು ವೇಸ್ ಎಂಬ ವೈದ್ಯರು ಇಂಥ ರೋಗಿಗಳ ಕರುಳಿನ ಚೂರು ತೆಗೆದು ನೋಡಿದರೆ, ಹೊಟ್ಟೆಯ ದೂರೇ ಇಲ್ಲದವರಲ್ಲೂ ಸೂಕ್ಷ್ಮ ಉರಿಯೂತ ಸಿಕ್ಕಿತು. ನನ್ನ ಮನಸ್ಸಿಗೆ ಹೆಚ್ಚು ತಟ್ಟಿದ್ದು 1994ರ ಪ್ರಯೋಗ. ಸಂಶೋಧಕ ಟಾರಾಗ್ ಮತ್ತು ಸಂಗಡಿಗರು ಮನುಷ್ಯರ ಬಿ27 ವಂಶವಾಹಿ ಸೇರಿಸಿದ ಇಲಿಗಳನ್ನು ಒಂದೂ ಸೂಕ್ಷ್ಮಾಣು ಇಲ್ಲದ ಪೆಟ್ಟಿಗೆಯಲ್ಲಿ ಸಾಕಿದರು. ಅವಕ್ಕೆ ಕರುಳಿನ ಉರಿಯೂತವೂ ಬರಲಿಲ್ಲ, ಕೀಲೂತವೂ ಬರಲಿಲ್ಲ. ಸಾಮಾನ್ಯ ಗೂಡಿನಲ್ಲಿ ಬೆಳೆದ ಅದೇ ವಂಶವಾಹಿಯ ಇಲಿಗಳಿಗೆ ಎರಡೂ ಬಂದವು.

ಆಯಿ ಹೊಟ್ಟೆಯನ್ನು ವಿಚಾರಿಸಿದ್ದು ಸರಿಯಾಗಿತ್ತೆಂದೇ ನಾನು ನಂಬುತ್ತೇನೆ. ಆದರೆ ಭೇದಿ ಮಾಡಿಸಿದರೆ ಈ ರೋಗ ನಿಲ್ಲುವುದಿಲ್ಲ. ಕಾಕಾನ ಮಗ ಬೆಳಗಿನ ಬಿಗಿತ ಶುರುವಾದ ಕೂಡಲೇ ಕೀಲುವಾತದ ವೈದ್ಯರ ಬಳಿ ಹೋದ. ಎಂಆರ್‌ಐಯಲ್ಲಿ ತ್ರಿಕಸಂಧಿಯ ಉರಿಯೂತ ಕಂಡಿತು. ಈಗ ಔಷಧಿ ತಪ್ಪಿಸುವುದಿಲ್ಲ, ದಿನಾ ವ್ಯಾಯಾಮ ಮಾಡುತ್ತಾನೆ, ಬೀಡಿ ಬಿಟ್ಟಿದ್ದಾನೆ. ಅವನ ಬೆನ್ನು ನೆಟ್ಟಗಿದೆ.