ಜಾಮೀನು ನಿಂತವರೇ ನಮ್ಮವರು: ನಮ್ಮ ಕಡೆಯ ಸಂಘಗಳ 120 ವರ್ಷ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆಯ ಯಾವ ಹಳ್ಳಿಯಲ್ಲಾದರೂ ಹೊತ್ತು ಇಳಿದ ಮೇಲೆ ಒಂದು ಮನೆಗೆ ಹೋಗಿ, 'ಅವ್ವ ಎಲ್ಲಿ?' ಎಂದು ಕೇಳಿ ನೋಡಿ. 'ಸಂಘಕ್ಕ ಹೋಗ್ಯಾಳ್ರಿ' ಎಂಬ ಉತ್ತರ ಒಂದಲ್ಲ ಒಂದು ದಿನ ಸಿಕ್ಕೇ ಸಿಗುತ್ತದೆ. ಯಾವ ಸಂಘ ಎಂದು ಮತ್ತೆ ಕೇಳುವವರು ಕಡಿಮೆ. ಹಾಲಿನ ಸಂಘ, ಬೀಜ-ಗೊಬ್ಬರದ ಸೊಸೈಟಿ, ಸ್ತ್ರೀಶಕ್ತಿ ಸಂಘ, ಸಾಲದ ಸಂಘ, ಭಜನಾ ಸಂಘ, ಯುವಕ ಸಂಘ. ಮಾತು ಒಂದೇ ಆದರೂ ಒಳಗಿನ ಕಟ್ಟು ಒಂದೇ ಅಲ್ಲ.

ನಾವು ಸುದ್ದಿ ಬರೆಯುವವರು ಸಂಘದ ಕಡೆ ಮುಖ ಮಾಡುವುದು ಎರಡೇ ಸಲ. ಚುನಾವಣೆ ಆದಾಗ, ಇಲ್ಲವೇ ದುಡ್ಡು ಮುಳುಗಿದಾಗ. ಅವೆರಡರ ನಡುವೆ ಸಂಘ ಏನು ಮಾಡುತ್ತದೆ? ಮನುಷ್ಯನಿಗೆ 'ನಾನು ಇವರವನು, ಇವರು ನನ್ನವರು' ಎನ್ನಿಸುವುದು ಎಲ್ಲಿಂದ? ಅದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹುಟ್ಟಿನಿಂದ ಬಂದ ಜಾಗ

ಇಂದು ಕರ್ಜಗಿ ಹಾವೇರಿ ತಾಲೂಕಿನ ಒಂದು ಊರು. ಬ್ರಿಟಿಷರ ಕಾಲದಲ್ಲಿ ಮಾತು ಬೇರೆ ಇತ್ತು. ಆಗ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿ ಕರ್ಜಗಿ ಎಂಬ ಹೆಸರಿನ ತಾಲೂಕೇ ಇತ್ತು, ಹಾವೇರಿ ಪಟ್ಟಣ ಆ ತಾಲೂಕಿನೊಳಗೆ ಬರುತ್ತಿತ್ತು. ಕಾಲ ತಿರುಗಿತು. 1997ರಲ್ಲಿ ಹಾವೇರಿ ಜಿಲ್ಲೆಯಾಯಿತು, ಕರ್ಜಗಿ ಊರಾಗಿ ಉಳಿಯಿತು.

ಆ ಕಾಲದ ಊರಿನಲ್ಲಿ ಪ್ರತಿಯೊಬ್ಬನಿಗೂ ಒಂದು ಜಾಗ ಇತ್ತು. ಬಡಿಗೇರ, ಕಮ್ಮಾರ, ಕುಂಬಾರ, ಅಗಸ, ಹಡಪದ ಎಲ್ಲರೂ ಆಯಗಾರರು. ಸುಗ್ಗಿಯಲ್ಲಿ ಕಣಕ್ಕೆ ಬಂದರೆ ಅವರ ಪಾಲಿನ ಆಯ ಸಿಗುತ್ತಿತ್ತು. ಬಿತ್ತನೆ, ಕಳೆ, ಕೊಯ್ಲಿಗೆ ಮುಯ್ಯಾಳು ಇತ್ತು: ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಹಳಬರು ಇದನ್ನೇ ನೆನೆದು 'ಆಗ ಊರು ಒಂದಾಗಿತ್ತು' ಎನ್ನುತ್ತಾರೆ.

ಅದರಲ್ಲಿ ನಿಜವಿದೆ, ಆದರೆ ಅದು ಅರ್ಧ ನಿಜ. ಆ ಜಾಗವನ್ನು ಯಾರೂ ಆರಿಸಿಕೊಂಡದ್ದಲ್ಲ, ಹುಟ್ಟಿದ ಮನೆ ಕೊಟ್ಟದ್ದು. ಬಿಟ್ಟು ಹೋಗುವ ದಾರಿ ಇರಲಿಲ್ಲ, ಮೇಲೆ ಏರುವ ದಾರಿಯೂ ಇರಲಿಲ್ಲ. ಹೊಲೆಗೇರಿ, ಮಾದಿಗರ ಕೇರಿ ಊರ ಹೊರಗೇ ಇದ್ದವು, ಊರ ಬಾವಿ ಅವರದಾಗಿರಲಿಲ್ಲ. ಕಾರಹುಣ್ಣಿಮೆಯ ದಿನ ಎತ್ತು ಓಡುವುದನ್ನು ನೋಡಲು ಊರೆಲ್ಲ ಒಂದೆಡೆ ಸೇರುತ್ತಿತ್ತು. ಕರಿ ಹರಿದ ಮೇಲೆ ಅವರವರು ಅವರವರ ಕೇರಿಗೆ. ಒಂದೇ ಊರಿನಲ್ಲಿ ಇರುವುದು ಬೇರೆ, ಒಬ್ಬರಿಗೊಬ್ಬರು ಆಗುವುದು ಬೇರೆ.

ಹತ್ತು ಮಂದಿ, ಒಂದೇ ಹೊಣೆ

ಈ ಹಳೆಯ ಕಟ್ಟನ್ನು ಮೊದಲು ಸಡಿಲಿಸಿದ್ದು ಸಾಲ. ಬ್ರಿಟಿಷ್ ಸರ್ಕಾರ ಕಂದಾಯವನ್ನು ರೊಕ್ಕದಲ್ಲೇ ಕೇಳಿತು. ಮಳೆ ಬಂದರೂ ಬರದಿದ್ದರೂ ಕಂತು ಕಟ್ಟಬೇಕು. ಕೈಯಲ್ಲಿ ರೊಕ್ಕ ಇದ್ದದ್ದು ಸಾವಕಾರನ ಬಳಿ ಮಾತ್ರ. ಅವನು ಬರೆಸಿಕೊಂಡ ಪತ್ರದಲ್ಲಿ ಏನಿದೆ ಎಂದು ಹೆಬ್ಬೆಟ್ಟು ಒತ್ತಿದವನಿಗೆ ಗೊತ್ತಿರಲಿಲ್ಲ. 1875ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳಲ್ಲಿ ರೈತರು ಸಾವಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಮರುವರ್ಷವೇ 1876-78ರ ದೊಡ್ಡ ಬರ ಬಂತು, ಅದು ನಮ್ಮ ಧಾರವಾಡ ಜಿಲ್ಲೆಯನ್ನೂ ಬಿಡಲಿಲ್ಲ.

ಪತ್ರ ಸುಟ್ಟರೆ ಹಳೆಯ ಸಾಲ ಹೋಗಬಹುದು, ಮುಂದಿನ ಬಿತ್ತನೆಗೆ ಬೀಜ ಎಲ್ಲಿಂದ ಬರಬೇಕು? ಅದಕ್ಕೆ ಉತ್ತರ ದೂರದ ಜರ್ಮನಿಯಲ್ಲಿ ಸಿಕ್ಕಿತ್ತು. ರೈಫೈಸನ್ ಎಂಬ ಹಳ್ಳಿ ಮೇಯರ್ 1864ರಲ್ಲಿ ಹೆಡ್ಡೆಸ್‌ಡಾರ್ಫ್ ಎಂಬಲ್ಲಿ ರೈತರ ಸಾಲದ ಸಂಘ ಕಟ್ಟಿದ್ದ. ಅವನ ಲೆಕ್ಕ ಸರಳ. ಬಡ ರೈತನೊಬ್ಬನನ್ನು ಯಾರೂ ನಂಬುವುದಿಲ್ಲ. ಒಂದೇ ಊರಿನ, ಒಬ್ಬರ ಗುಣ ಒಬ್ಬರಿಗೆ ಗೊತ್ತಿರುವ ರೈತರು ಒಟ್ಟಿಗೆ ಜಾಮೀನು ನಿಂತರೆ ಲೋಕ ನಂಬುತ್ತದೆ.

ಇದೇ ಮಾದರಿಯಲ್ಲಿ 1904ರಲ್ಲಿ ಭಾರತದಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಹತ್ತು ಮಂದಿ ಸೇರಿದರೆ ಒಂದು ಸಂಘ. ಮರುವರ್ಷ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಂಘ ನೋಂದಣಿಯಾಯಿತು. ದೇಶದ ಮೊಟ್ಟಮೊದಲ ಕೃಷಿ ಪತ್ತಿನ ಸಂಘಗಳಲ್ಲಿ ಅದೂ ಒಂದು. ಆಗ ಗದಗ, ಕರ್ಜಗಿ, ರಾಣೇಬೆನ್ನೂರು ಎಲ್ಲವೂ ಒಂದೇ ಜಿಲ್ಲೆ. ಹಾಗಾಗಿ ಕಣಗಿನಹಾಳದ ಕಥೆ ನಮ್ಮದೇ ಕಥೆ.

ಈ ಕಾಯ್ದೆಯಲ್ಲಿ ಹಳ್ಳಿ ಸಂಘಗಳಿಗೆ ಇದ್ದ ಒಂದು ನಿಯಮ ಗಮನಿಸಿ: ಮಿತಿಯಿಲ್ಲದ ಹೊಣೆ. ಸಂಘ ಮುಳುಗಿದರೆ ಸದಸ್ಯರು ತಾವು ಹಾಕಿದ ಹಣವನ್ನಷ್ಟೇ ಕಳೆದುಕೊಂಡು ಸುಮ್ಮನಾಗುವಂತಿಲ್ಲ. ಸಂಘದ ಪೂರ್ತಿ ಸಾಲಕ್ಕೆ ಎಲ್ಲರೂ ಹೊಣೆ. ಅಂದರೆ ನನ್ನ ಪಕ್ಕದ ಹೊಲದವನು ಸಾಲ ತೀರಿಸದಿದ್ದರೆ ಅದು ನನ್ನ ಹೊಲದ ತನಕ ಬರಬಹುದು. ಇಂಥ ಕರಾರಿಗೆ ಜನ ಒಪ್ಪಿದರು ಎನ್ನುವುದೇ ದೊಡ್ಡ ಮಾತು. 1912ರಲ್ಲಿ ಬಂದ ಎರಡನೆಯ ಕಾಯ್ದೆ ಇನ್ನೊಂದನ್ನು ಸ್ಪಷ್ಟ ಮಾಡಿತು: ಇಂಥ ಸಂಘದಲ್ಲಿ ಎಷ್ಟೇ ಹಣ ಹಾಕಿದ್ದರೂ ಒಬ್ಬರಿಗೆ ಒಂದೇ ಮತ.

ಹೊಣೆಯೂ ಎಲ್ಲರದು, ಮಾತೂ ಎಲ್ಲರದು. ಹುಟ್ಟಿನಿಂದ ಬಂದ ಜಾಗಕ್ಕೂ ಸಂಘದ ಜಾಗಕ್ಕೂ ಇರುವ ವ್ಯತ್ಯಾಸ ಇಷ್ಟೇ. ಇಲ್ಲಿ ನೀವು ತಿಳಿದು ಸಹಿ ಹಾಕುತ್ತೀರಿ, ಸಹಿ ಹಾಕಿದ ಮೇಲೆ ನಿಮ್ಮ ಮಾತಿಗೂ ಬೆಲೆ ಇರುತ್ತದೆ.

ಕಾಗದದ ಮೇಲಿನ ಮಾತು ಇದು. ನಡೆದದ್ದು ಹಲವು ಕಡೆ ಬೇರೆ. ಗೌಡರು, ದೊಡ್ಡ ಹಿಡುವಳಿದಾರರು ಅಧ್ಯಕ್ಷರಾದರು. ಸಾಲಕ್ಕೆ ಹೊಲ ಆಧಾರವಾದ್ದರಿಂದ ಹೆಸರಿನಲ್ಲಿ ಉತಾರ ಇಲ್ಲದವರು ಬಾಗಿಲಲ್ಲೇ ನಿಂತರು. ಕೂಲಿಯವರು ಹೊರಗೆ, ಹೆಣ್ಣುಮಕ್ಕಳು ಹೊರಗೆ.

ಹರಾಜು ಕೂಗಿದಾಗ ಸುಮ್ಮನೆ ನಿಂತವರು

ಒಬ್ಬರಿಗೊಬ್ಬರು ಹೊಣೆ ನಿಲ್ಲುವುದು ಸಾಲಕ್ಕೆ ಮಾತ್ರ ಅಲ್ಲ ಎಂದು ಸ್ವಾತಂತ್ರ್ಯ ಹೋರಾಟ ತೋರಿಸಿತು. 1930ರ ನಂತರ ಅಂಕೋಲಾ, ಸಿದ್ದಾಪುರ, ನಮ್ಮ ಹಿರೇಕೆರೂರು ತಾಲೂಕುಗಳಲ್ಲಿ ಕರನಿರಾಕರಣೆ ನಡೆಯಿತು. ಕಂದಾಯ ಕಟ್ಟದವರ ಹೊಲ, ದನ, ಪಾತ್ರೆ-ಪಡಗ ಜಪ್ತಿಯಾದವು, ಹರಾಜಿಗೆ ಬಂದವು.

ಇಲ್ಲಿ ನೆರೆಯವನ ಪರೀಕ್ಷೆ. ಕಡಿಮೆ ಬೆಲೆಗೆ ಒಳ್ಳೆಯ ಹೊಲ ಸಿಗುತ್ತದೆ, ಕೊಳ್ಳಲು ಕಾನೂನಿನ ಅಡ್ಡಿಯಿಲ್ಲ. ಆದರೂ ಕೂಗದೆ ಸುಮ್ಮನೆ ನಿಂತವನು ಆ ದಿನ ಊರಿನವನಾದ. ಕೊಂಡವರೂ ಇದ್ದರು. ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ ಹಾಗೆ ಕೊಂಡವರ ಮನೆಯ ಮುಂದೆ ಹೆಣ್ಣುಮಕ್ಕಳು ಉಪವಾಸ ಕೂತರು. ಸರ್ಕಾರದ ವಿರುದ್ಧ ಕೂತದ್ದಲ್ಲ ಅದು, ನೆರೆಯವರ ಮನಸ್ಸಿನ ಮುಂದೆ ಕೂತದ್ದು. 'ನೀನು ನಮ್ಮವನೇ ಹೌದೋ ಅಲ್ಲವೋ' ಎಂಬ ಪ್ರಶ್ನೆ ಅದು.

ಇನ್ನು ನಮ್ಮ ಹೊಸರಿತ್ತಿಗೆ ಬನ್ನಿ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿಯವರ ಜೊತೆ ದಂಡಿಗೆ ನಡೆದ ತಂಡದಲ್ಲಿದ್ದ ಕನ್ನಡಿಗ. ಆಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಪತ್ನಿ ಸಿದ್ದಮ್ಮನವರೂ ಹೋರಾಟಕ್ಕೆ ಇಳಿದು ಜೈಲು ಕಂಡವರು. ಊರಿಗೆ ಮರಳಿದ ಮಹಾದೇವಪ್ಪನವರು ಕೊರಡೂರಿನಲ್ಲಿ ಸೇವಾಶ್ರಮ ನಡೆಸಿದರು, ಖಾದಿ ಕೆಲಸ ಕಲಿಸಿದರು. 1942ರಲ್ಲಿ 'ಭಾರತ ಬಿಟ್ಟು ತೊಲಗಿ' ಚಳವಳಿ ಶುರುವಾದಾಗ ಅವರ ಸುತ್ತ ಒಂದು ತಂಡ ಸೇರಿತು.

1943ರ ಏಪ್ರಿಲ್ 1ರಂದು ಆ ತಂಡ ಹೊಸರಿತ್ತಿಗೆ ಬಂತು. ರೈತರಿಂದ ವಸೂಲಿ ಮಾಡಿದ ಕಂದಾಯದ ಹಣವನ್ನು ವೀರಭದ್ರ ದೇವರ ಗುಡಿಯಲ್ಲಿ ಇಟ್ಟಿದ್ದರು, ಅದನ್ನು ವಶಕ್ಕೆ ಪಡೆಯುವುದು ಅವರ ಉದ್ದೇಶ. ಪೊಲೀಸರ ಗುಂಡಿಗೆ ಮೂವರು ಸತ್ತರು: ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ.

ನಮ್ಮ ಕಡೆಯವರಿಗೆ ಆ ಅಡ್ಡಹೆಸರುಗಳ ಅರ್ಥ ಬಿಡಿಸಿ ಹೇಳಬೇಕಿಲ್ಲ. ಹಳೆಯ ಊರಿನ ಕಟ್ಟಿನಲ್ಲಿ ಮಡಿವಾಳರ ಜಾಗ ಬೇರೆ, ಮಠದವರ ಜಾಗ ಬೇರೆ. ಒಬ್ಬರು ಆಯಕ್ಕೆ ಕಣಕ್ಕೆ ಬರುವವರು, ಇನ್ನೊಬ್ಬರು ಮನೆಗೆ ಬಂದರೆ ಪಾದಪೂಜೆ ಮಾಡಿಸಿಕೊಳ್ಳುವವರು. ಹುಟ್ಟು ಅವರನ್ನು ಬೇರೆ ಬೇರೆ ಕೇರಿಯಲ್ಲಿ ಇಟ್ಟಿತ್ತು. ತಾವೇ ಹೊತ್ತುಕೊಂಡ ಹೊಣೆ ಅವರನ್ನು ಒಂದೇ ಗುಡಿಯ ಅಂಗಳಕ್ಕೆ ತಂದಿತು. ಇಂದು ಒಬ್ಬರ ಹೆಸರು ಹೇಳಿದರೆ ಉಳಿದಿಬ್ಬರ ಹೆಸರೂ ಜೊತೆಗೇ ಬರುತ್ತದೆ.

ಉತಾರ ಇಲ್ಲದವರ ಸಂಘ

ಸ್ವಾತಂತ್ರ್ಯ ಬಂತು, ಸೊಸೈಟಿಗಳು ಊರೂರಿಗೆ ಬಂದವು. ಆದರೆ ಬಾಗಿಲಲ್ಲಿ ನಿಂತವರು ಅಲ್ಲೇ ನಿಂತಿದ್ದರು. 1980ರ ದಶಕದಲ್ಲಿ ಕರ್ನಾಟಕದಲ್ಲಿ ಕೆಲಸ ಮಾಡುತ್ತಿದ್ದ ಮೈರಾಡ ಎಂಬ ಸಂಸ್ಥೆ ಒಂದು ವಿಷಯ ಕಂಡುಕೊಂಡಿತು. ದೊಡ್ಡ ಸಹಕಾರಿ ಸಂಘಗಳು ಒಡೆದ ಕಡೆಗಳಲ್ಲಿ, ಒಬ್ಬರನ್ನೊಬ್ಬರು ನಂಬುವ ಸಣ್ಣ ಸಣ್ಣ ಗುಂಪುಗಳು ಉಳಿದುಕೊಂಡಿದ್ದವು. ಆ ಗುಂಪುಗಳನ್ನೇ ಹಿಡಿದು ಬೆಳೆಸಿದರು. 1992ರಲ್ಲಿ ನಬಾರ್ಡ್, 500 ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು. 2000-01ರಲ್ಲಿ ರಾಜ್ಯ ಸರ್ಕಾರ ಸ್ತ್ರೀಶಕ್ತಿ ಯೋಜನೆ ತಂದಿತು. ಅಂಗನವಾಡಿ ಕಾರ್ಯಕರ್ತೆಯ ನೆರವಿನಿಂದ 15-20 ಹೆಣ್ಣುಮಕ್ಕಳ ಗುಂಪು, ವಾರವಾರ ಉಳಿತಾಯ, ತಮ್ಮೊಳಗೇ ಸಾಲ.

ಆ ಗುಂಪುಗಳಲ್ಲಿ ಏನಾಯಿತು ಎಂದು ಲೆಕ್ಕದ ಪುಸ್ತಕ ಪೂರ್ತಿ ಹೇಳುವುದಿಲ್ಲ. ಮದುವೆಯಾಗಿ ಬಂದ ಹೆಣ್ಣುಮಗಳು ನಮ್ಮಲ್ಲಿ ವರ್ಷಗಟ್ಟಲೆ 'ಇಂಥವರ ಸೊಸಿ', ಆಮೇಲೆ 'ಇಂಥವನ ಅವ್ವ'. ಸಂಘದ ನಡಾವಳಿ ಪುಸ್ತಕದಲ್ಲಿ ಅವಳದೇ ಹೆಸರು, ಅದರ ಮುಂದೆ ಅವಳದೇ ಸಹಿ. ಯಾರಿಗೆ ಮೊದಲು ಸಾಲ ಕೊಡಬೇಕು, ಬಾಣಂತನದ ಮನೆಗೋ ಬಿತ್ತನೆಯ ಮನೆಗೋ ಎಂದು ಹತ್ತು ಮಂದಿಯ ನಡುವೆ ಕೂತು ಅವಳೂ ಹೇಳುತ್ತಾಳೆ. ಒಬ್ಬಳಿಗೆ ಈ ವಾರ ಕಟ್ಟಲು ಆಗದಿದ್ದರೆ ಯಾಕೆ ಆಗಲಿಲ್ಲ ಎಂದು ಉಳಿದವರಿಗೆ ಗೊತ್ತು. 'ಇರ್ಲಿ ಬಿಡವಾ, ಮುಂದಿನ ವಾರ ಕಟ್ಟು' ಎನ್ನುವ ಅಧಿಕಾರವೂ ಅವರ ಕೈಯಲ್ಲೇ ಇದೆ.

ಜಾಮೀನು ಉಳಿಯಿತು, ಮಾತು ಹೋಯಿತು

ಈಗ ಇತ್ತೀಚಿನ ಕಥೆ. ಮೈಕ್ರೋ ಫೈನಾನ್ಸ್‌ನವರು ಕೊಡುವ ಗುಂಪು ಸಾಲಕ್ಕೂ ಊರಲ್ಲಿ ಸಂಘ ಎಂದೇ ಹೆಸರು. ನಾಲ್ಕೈದು ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಜಾಮೀನು. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಮೇಲ್ನೋಟಕ್ಕೆ 1904ರ ಲೆಕ್ಕವೇ ಅಲ್ಲವೇ?

ಅಲ್ಲ. ಅಂದಿನ ಲೆಕ್ಕದಲ್ಲಿ ಎರಡು ಭಾಗ ಇದ್ದವು: ಹೊಣೆ ಮತ್ತು ಮಾತು. ಇಲ್ಲಿ ಹೊಣೆ ಮಾತ್ರ ಊರಲ್ಲಿದೆ. ಬಡ್ಡಿ ಎಷ್ಟು, ಕಂತು ಎಂದು, ತಡವಾದರೆ ಏನು ಎಂಬುದೆಲ್ಲ ಬೇರೆ ಎಲ್ಲೋ ತೀರ್ಮಾನವಾಗುತ್ತದೆ. 'ಮುಂದಿನ ವಾರ ಕಟ್ಟು' ಎನ್ನುವ ಅಧಿಕಾರ ಗುಂಪಿಗಿಲ್ಲ. ಹಾಗಾಗಿ ಕಂತು ತಪ್ಪಿದ ದಿನ ಅವಳ ಮನೆಯ ಮುಂದೆ ಬಂದು ಕೂರಬೇಕಾದವರು ಅವಳ ಗೆಳತಿಯರೇ. ಮಾವಿನಗುಂಡಿಯಲ್ಲೂ ಹೆಣ್ಣುಮಕ್ಕಳು ಮನೆಯ ಮುಂದೆ ಕೂತಿದ್ದರು. ಆದರೆ ಅಂದು ಕೂತದ್ದು ನೆರೆಯವರ ಹೊಲ ಉಳಿಸಲು, ಇಂದು ಕೂರುವುದು ತಮ್ಮ ಮೇಲೆ ಬೀಳುವ ಕಂತು ತಪ್ಪಿಸಿಕೊಳ್ಳಲು.

ಈ ಕಿರುಕುಳ ತಾಳದೆ ಜನ ಊರು ಬಿಟ್ಟ, ಜೀವ ಕಳೆದುಕೊಂಡ ಸುದ್ದಿಗಳು ರಾಜ್ಯದ ಹಲವು ಜಿಲ್ಲೆಗಳಿಂದ ಬಂದವು. 2025ರ ಜನವರಿಯಲ್ಲಿ ನಮ್ಮ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಮುಖ್ಯಮಂತ್ರಿಗೆ ಅಂಚೆಯಲ್ಲಿ ಮಾಂಗಲ್ಯ ಕಳಿಸುವ ಅಭಿಯಾನ ಮಾಡಿದರು. ಫೆಬ್ರುವರಿಯಲ್ಲಿ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು.

ಆ ಅಭಿಯಾನದಲ್ಲಿ ನಮಗೆ ಕಂಡದ್ದು ಇದು: ಒಬ್ಬೊಬ್ಬಳನ್ನೂ ಅವಳ ಗೆಳತಿಯರ ಮುಂದೆ ತಲೆ ತಗ್ಗಿಸುವಂತೆ ಮಾಡಿದ್ದ ಸಾಲವನ್ನು ಎದುರಿಸಲು ಅವರು ಮತ್ತೆ ಒಂದಾಗಿಯೇ ಬಂದರು. ಗುಂಪು ಅವರಿಗೆ ನೋವು ಕೊಟ್ಟಿತ್ತು, ಆದರೂ ಗುಂಪು ಬೇಡ ಎನ್ನಲಿಲ್ಲ. ತಮ್ಮ ಮಾತು ನಡೆಯುವ ಗುಂಪು ಬೇಕಾಗಿತ್ತು.

ಸಹಿ ಹಾಕುವ ಮುಂಚೆ

ಸಂಘ ಸೇರಬೇಡಿ ಎಂದು ನಾವು ಹೇಳುತ್ತಿಲ್ಲ. ಒಬ್ಬಂಟಿಯಾಗಿ ಹಳ್ಳಿಯಲ್ಲಿ ಬಾಳುವೆ ಮಾಡುವುದು ಎಂದೂ ಸುಲಭವಾಗಿರಲಿಲ್ಲ, ಈಗಲೂ ಅಲ್ಲ. ಮುಯ್ಯಾಳು ಕಡಿಮೆಯಾಗಿದೆ, ಆಯದ ಪದ್ಧತಿ ಹೋಗಿದೆ, ಹೋದದ್ದು ಕೆಲವು ರೀತಿಯಲ್ಲಿ ಒಳ್ಳೆಯದೂ ಹೌದು. ಆ ಜಾಗದಲ್ಲಿ ನಾವು ಆರಿಸಿಕೊಂಡ ಬಂಧಗಳೇ ನಿಲ್ಲಬೇಕು.

ಆದರೆ ಯಾವುದೇ ಸಂಘದ ಪುಸ್ತಕಕ್ಕೆ ಸಹಿ ಹಾಕುವ ಮುಂಚೆ ಕಣಗಿನಹಾಳದ ಕಾಲದ ಪ್ರಶ್ನೆಗಳನ್ನೇ ಕೇಳಿ. ನಾನು ಯಾರಿಗೆ ಜಾಮೀನು, ನನಗೆ ಯಾರು ಜಾಮೀನು? ಲೆಕ್ಕದ ಪುಸ್ತಕ ಯಾರ ಮನೆಯಲ್ಲಿ ಇರುತ್ತದೆ, ನಾನು ಕೇಳಿದಾಗ ತೋರಿಸುತ್ತಾರೆಯೇ? ಬಡ್ಡಿ, ಕಂತು ತೀರ್ಮಾನಿಸುವಾಗ ನನ್ನ ಮಾತಿಗೆ ಉಳಿದವರ ಮಾತಿನಷ್ಟೇ ತೂಕ ಇದೆಯೇ? ನನಗೆ ಕಷ್ಟ ಬಂದ ವಾರ 'ಇರ್ಲಿ ಬಿಡು' ಎನ್ನುವ ಅಧಿಕಾರ ಈ ಮಂದಿಗೆ ಇದೆಯೇ?

ಈ ನಾಲ್ಕಕ್ಕೂ ಸರಿಯಾದ ಉತ್ತರ ಸಿಕ್ಕರೆ ಸಹಿ ಹಾಕಿ. ಸಿಗದಿದ್ದರೆ ಆ ಪುಸ್ತಕ ಮುಚ್ಚಿಟ್ಟು, ನೀವೇ ಹತ್ತು ಮಂದಿ ಸೇರಿ. ಕಾಯ್ದೆಯ ಲೆಕ್ಕ 1904ರಲ್ಲೂ ಅಲ್ಲಿಂದಲೇ ಶುರುವಾಗಿತ್ತು.