ಯಾರ ಮನೆಯಲ್ಲಿ ಇಳಿಯುತ್ತೀರಿ?

ನನ್ನ ಮೊಮ್ಮಗಳ ಮದುವೆ ನಿಶ್ಚಯವಾಗಿದೆ. ಲಗ್ನಪತ್ರಿಕೆ ಇನ್ನೂ ಅಚ್ಚಾಗಿಲ್ಲ. ಅಡಿಗೆಯವರಿಗೆ ಮುಂಗಡ ಕೊಟ್ಟಿಲ್ಲ. ಆದರೆ ಮದುವೆಯಾದ ಮೇಲೆ ಗಂಡಹೆಂಡಿರು ಗೋಕರ್ಣಕ್ಕೆ ಹೋಗಬೇಕೆಂಬುದೂ, ಅಲ್ಲಿ ಕಡಲು ಕಾಣುವ ಹೋಟೆಲಿನಲ್ಲಿ ನಾಲ್ಕು ದಿನ ಇರಬೇಕೆಂಬುದೂ ತೀರ್ಮಾನವಾಗಿಬಿಟ್ಟಿದೆ. ಯಾವ ಹೋಟೆಲು ಎಂಬುದಷ್ಟೇ ಉಳಿದಿರುವ ಪ್ರಶ್ನೆ. ಹುಡುಗಿ ಸಂಜೆಯ ಹೊತ್ತು ನನ್ನ ಪಕ್ಕದಲ್ಲಿ ಕುಳಿತು, ಕೈಯಲ್ಲಿನ ಫೋನಿನಲ್ಲಿ ಒಂದೊಂದೇ ಕೋಣೆಯ ಚಿತ್ರ ತೋರಿಸುತ್ತಾಳೆ. ಒಂದರ ಕಿಟಕಿ ದೊಡ್ಡದು. ಇನ್ನೊಂದರ ಬಾಡಿಗೆ ದೊಡ್ಡದು. “ತಾತ, ನೀವಾಗಿದ್ದರೆ ಯಾವುದನ್ನು ಆರಿಸುತ್ತಿದ್ದಿರಿ?” ಎಂದು ಮೊನ್ನೆ ಕೇಳಿದಳು.

“ಬಾಗಿಲಿಗೆ ಒಳಗಡೆ ಅಗುಳಿ ಇದೆಯೇ, ಅದನ್ನು ನೋಡು” ಎಂದೆ.

ಮನೆಯವರೆಲ್ಲ ನಕ್ಕರು. ನಾನು ಹಾಸ್ಯಕ್ಕೆ ಹೇಳಿದ ಮಾತಲ್ಲ ಅದು. ಗಂಡಹೆಂಡಿರಿಬ್ಬರು ಪರಸ್ಥಳಕ್ಕೆ ಹೋಗಿ, ಹಣ ಕೊಟ್ಟು ಒಂದು ಕೋಣೆ ಹಿಡಿದು, ಬಾಗಿಲು ಹಾಕಿಕೊಳ್ಳುವುದು ಈಗ ನೀರು ಕುಡಿದಷ್ಟು ಸುಲಭವಾಗಿ ಕಾಣುತ್ತದೆ. ನಮ್ಮ ಸೀಮೆಯಲ್ಲಿ ಆ ಅಗುಳಿ ಬಂದುದು ತೀರ ಈಚೆಗೆ. ಎಲ್ಲರಿಗೂ ಒಂದೇ ಸಲಕ್ಕೆ ಬಂದುದೂ ಅಲ್ಲ. ಆ ಕಥೆಯನ್ನು ಸ್ವಲ್ಪ ಹೇಳಬೇಕೆನಿಸಿತು.

ನಮ್ಮ ಸೀಮೆಯೆಂದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ತಾಲ್ಲೂಕುಗಳು. ೨೦೦೭ರಲ್ಲಿ ಇವು ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾದುವು. ೨೦೨೫ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರಾಯಿತು. ಹೆಸರು ಏನೇ ಆಗಲಿ, ನೆಲ ಅದೇ: ಬೋಳು ಬಂಡೆ, ರಾಗಿ ಹೊಲ, ಹಿಪ್ಪುನೇರಳೆ ತೋಟ. ಕಡಲಿನ ಸುಳಿವೇ ಇಲ್ಲದ ನಾಡು. ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಕೂಡಿ, ಮೇಕೆದಾಟಿನ ಕಲ್ಲಿನ ಸಂದಿಯಲ್ಲಿ ನುಗ್ಗಿ ಕಡಲಿಗೆ ಹೋಗುತ್ತದೆ. ನಾವು ದಡದಲ್ಲಿ ನಿಂತು ನೋಡಿ ಮನೆಗೆ ಬರುತ್ತೇವೆ. ನಮ್ಮ ಹಿರಿಯರ ಪಾಲಿಗೆ ಕಡಲೆಂದರೆ ಅಂಗಡಿಯಿಂದ ಬರುವ ಉಪ್ಪು, ಅಷ್ಟೆ.

ಆದರೆ ದಾರಿ ಮಾತ್ರ ನಮಗೆ ಚೆನ್ನಾಗಿ ಗೊತ್ತಿತ್ತು. ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿ ನಮ್ಮ ಊರುಗಳ ಮೇಲೆಯೇ ಹಾಯುತ್ತಿತ್ತು. ರಾಮನಗರದ ಹುಟ್ಟೇ ದಾರಿಹೋಕರಿಗಾಗಿ ಎನ್ನಬಹುದು. ಟಿಪ್ಪುವಿನ ಪತನವಾದ ಮರುವರ್ಷ, ೧೮೦೦ರಲ್ಲಿ, ದಿವಾನ್ ಪೂರ್ಣಯ್ಯನವರು ಈ ಕಾಡುದಾರಿಯಲ್ಲಿ ಪ್ರಯಾಣಿಕರಿಗೆ ಭಯವಿರಬಾರದೆಂದು ಇಲ್ಲಿ ಪೇಟೆ ಕಟ್ಟಿಸಿ, ಆಗಿನ ರೆಸಿಡೆಂಟ್ ಬ್ಯಾರಿ ಕ್ಲೋಸ್ ಎಂಬಾತನ ಹೆಸರಿಟ್ಟರು. ಆ ಕ್ಲೋಸ್‌ಪೇಟೆಯೇ ಮುಂದೆ ರಾಮನಗರವಾಯಿತು. ಹಳೆಯ ಹೆಸರು ಈಗ ಉಳಿದಿರುವುದು ಭೂವಿಜ್ಞಾನಿಗಳ ಬಾಯಲ್ಲಿ. ನಮ್ಮ ಬಂಡೆಗೆ ಅವರು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ.

ಅದೇ ವರ್ಷ ಕಂಪೆನಿ ಸರಕಾರದ ಪರವಾಗಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಈ ಸೀಮೆಯನ್ನು ಸುತ್ತಿದ. ಚನ್ನಪಟ್ಟಣದ ಗಾಜಿನ ಬಳೆಯನ್ನೂ, ವಾದ್ಯಗಳಿಗೆಂದು ಇಲ್ಲಿ ಎಳೆಯುತ್ತಿದ್ದ ಉಕ್ಕಿನ ತಂತಿಯನ್ನೂ ಕುರಿತು ಬರೆದಿಟ್ಟ. ಆತ ಇಳಿದುಕೊಳ್ಳುತ್ತಿದ್ದುದು ತನ್ನ ಡೇರೆಯಲ್ಲಿ. ದೊರೆಗಳಾದವರು ಮನೆಯನ್ನು ಹೊತ್ತುಕೊಂಡೇ ತಿರುಗುತ್ತಿದ್ದರು. ಉಳಿದವರಿಗೆ ಇದ್ದುದು ಛತ್ರ, ದೇವಸ್ಥಾನದ ಹಜಾರ, ಇಲ್ಲವೆ ಬಂಧುಗಳ ಜಗಲಿ.

ಛತ್ರ ದೊಡ್ಡ ಧರ್ಮ. ಅದನ್ನು ಕಟ್ಟಿಸಿದವರ ಹೆಸರು ತಣ್ಣಗಿರಲಿ. ಮಾಗಡಿಯಿಂದಲೋ ಕನಕಪುರದಿಂದಲೋ ಗಾಡಿ ಕಟ್ಟಿಕೊಂಡು ಬೆಂಗಳೂರಿಗೆ ಹೋದವರು, ೧೯೦೩ರಲ್ಲಿ ಗುಬ್ಬಿ ತೋಟದಪ್ಪನವರು ರೈಲು ನಿಲ್ದಾಣದ ಎದುರಿಗೆ ಕಟ್ಟಿಸಿದ ಛತ್ರವನ್ನು ನೆನೆದು ಕೈಮುಗಿಯುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಆದರೆ ಸಾಮಾನ್ಯವಾಗಿ ಛತ್ರದಲ್ಲಿ ಎರಡು ಮಾತುಗಳಿದ್ದುವು. ಮೊದಲನೆಯದು, ಅಲ್ಲಿ ಸಿಗುತ್ತಿದ್ದುದು ನೆರಳು, ನೀರು, ಒಲೆಯ ಕಲ್ಲು, ಕೋಣೆಯಲ್ಲ. ಹೆಂಗಸರು ಮಕ್ಕಳು ಒಂದು ಅಂಕಣದಲ್ಲಿ, ಗಂಡಸರು ಮತ್ತೊಂದರಲ್ಲಿ. ಎರಡನೆಯದು, ಇಂಥವರಿಗೆ ಎಂದು ಮೀಸಲಾಗಿದ್ದ ಛತ್ರಗಳೇ ಹೆಚ್ಚು. ಹೊಸಿಲು ದಾಟುವ ಮೊದಲು ಜಾತಿ ಹೇಳಬೇಕು. ಎಷ್ಟೋ ಮಂದಿಗೆ ಆ ಹೊಸಿಲು ಇರಲೇ ಇಲ್ಲ. ಅವರಿಗೆ ಮರದ ಬುಡವೇ ಛತ್ರ.

ಬಾಗಿಲು ಕಿಟಕಿಗಳಿಂದ ಕೂಡಿದ ಕೋಣೆ ಇದ್ದುದು ಸರಕಾರದ ಪ್ರವಾಸಿ ಬಂಗಲೆಯಲ್ಲಿ. ಟಿ. ಬಿ., ಐ. ಬಿ. ಎಂದರೆ ಹಳ್ಳಿಯವರಿಗೂ ತಿಳಿಯುತ್ತಿತ್ತು. ಹಂಚಿನ ಮಾಡು, ಸುತ್ತ ಪಡಸಾಲೆ, ಒಳಗೆ ಮಂಚ, ಹಿಂದುಗಡೆ ಅಡಿಗೆಗೆ ಮೇಟಿ. ಆದರೆ ಅದು ಅಮಲ್ದಾರರಿಗೆ, ಇಂಜಿನಿಯರರಿಗೆ, ಬೇಟೆಗೆ ಬಂದ ದೊರೆಗಳಿಗೆ. ನಮ್ಮವರು ಅದರ ಬೇಲಿಯಾಚೆ ಅರ್ಜಿ ಹಿಡಿದು ನಿಲ್ಲುತ್ತಿದ್ದರು.

ಇನ್ನು ನವದಂಪತಿಗಳ ಮಾತು. ಮದುವೆಯ ಮೇಲೆ ಅವರು ಎಲ್ಲಿಗಾದರೂ ಹೋಗುತ್ತಿದ್ದರೆ? ಹೋಗುತ್ತಿದ್ದರು, ಮನೆದೇವರಿಗೆ. ಮಾಗಡಿಯ ತಿರುಮಲೆಯ ರಂಗನಾಥ, ಕಬ್ಬಾಳಿನ ಕಬ್ಬಾಳಮ್ಮ, ಅವ್ವೇರಹಳ್ಳಿಯ ರೇವಣಸಿದ್ಧೇಶ್ವರ, ಕೆಂಗಲ್ಲಿನ ಆಂಜನೇಯ, ಹೀಗೆ ಅವರವರ ಒಕ್ಕಲಿನ ದೇವರು. ಗಾಡಿಯಲ್ಲಿ ಅತ್ತೆ ಮಾವ, ನಾದಿನಿಯರು, ಅಕ್ಕಿಯ ಮೂಟೆ. ಅದರ ಮಧ್ಯೆ ಎಲ್ಲೋ ಮದುಮಕ್ಕಳು.

ಇದನ್ನು ಕೇಳಿ ಮರುಗುವ ಮೊದಲು ಇನ್ನೊಂದು ಸಂಗತಿ ನೆನೆಯಬೇಕು. ಮದುಮಗಳು ಎಷ್ಟು ವರ್ಷದವಳು? ಮೈಸೂರು ಸಂಸ್ಥಾನ ೧೮೯೪ರಲ್ಲಿ ಬಾಲ್ಯವಿವಾಹದ ಮೇಲೆ ಕಾಯಿದೆ ತಂದಿತು. ಅದು ತಡೆದುದು ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು, ಹಾಗೂ ಐವತ್ತು ಮೀರಿದವರು ಹದಿನಾಲ್ಕು ತುಂಬದ ಹುಡುಗಿಯರನ್ನು ಮದುವೆಯಾಗುವುದನ್ನು. ಆ ಕಾಲಕ್ಕೆ ಅದೇ ದೊಡ್ಡ ಸಾಹಸವೆನಿಸಿತು. ನಮ್ಮ ಅಜ್ಜಿಯ ಮದುವೆಯಾದುದು ಅದಾದ ಕೆಲವು ವರ್ಷಗಳ ಮೇಲೆ, ಆಕೆಯ ಒಂಬತ್ತನೆಯ ವಯಸ್ಸಿನಲ್ಲಿ. ಕಾಯಿದೆಗಿಂತ ಒಂದು ವರ್ಷ ಹೆಚ್ಚು! ದೇವರ ಗಾಡಿಯಲ್ಲಿ ಆಕೆ ಚನ್ನಪಟ್ಟಣದ ಬಣ್ಣದ ಬುಗುರಿಯನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡು ಕುಳಿತಿದ್ದಳಂತೆ. ಆ ಮಗುವಿಗೆ ಮಧುಚಂದ್ರವೆಲ್ಲಿ, ಹೋಟೆಲೆಲ್ಲಿ? ಮುಂದೆ ಪ್ರಸ್ತವಾದಾಗಲೂ ಅದು ಊರಿಗೆಲ್ಲ ತಿಳಿದ ಶುಭಕಾರ್ಯ. ಕೋಣೆ ಮನೆಯ ನಡುವಿನದು. ಅಗುಳಿ ಇದ್ದರೂ ಗೋಡೆ ಮಾಡಿಗೆ ಮುಟ್ಟುತ್ತಿರಲಿಲ್ಲ.

ಮಧುಚಂದ್ರವೆಂಬ ಪದವೇ ಇಂಗ್ಲಿಷಿನ ಹನಿಮೂನಿನ ಅನುವಾದ. ಹದಿನಾರನೆಯ ಶತಮಾನದಲ್ಲಿಯೇ ಇಂಗ್ಲಿಷಿನಲ್ಲಿದ್ದ ಆ ಮಾತಿಗೆ ಮೊದಲು ಪ್ರಯಾಣದ ಅರ್ಥವಿರಲಿಲ್ಲ. ಮದುವೆಯ ಹೊಸತರ ಸವಿ, ಚಂದ್ರನಂತೆ ಕರಗುವ ಸವಿ, ಎಂಬ ಕೊಂಕು ಅದರಲ್ಲಿತ್ತು. ಕಡಲತೀರವೂ ಅವರಿಗೆ ಮೊದಲು ಔಷಧಾಲಯ. ೧೭೫೦ರ ಸುಮಾರಿಗೆ ರಿಚರ್ಡ್ ರಸೆಲ್ ಎಂಬ ವೈದ್ಯ ಸಮುದ್ರದ ನೀರು ರೋಗಕ್ಕೆ ಮದ್ದೆಂದು ಬರೆದ; ಬ್ರೈಟನ್ ಎಂಬ ಬೆಸ್ತರ ಊರಿಗೆ ಜನ ಬಂದರು; ೧೮೪೧ರಲ್ಲಿ ಲಂಡನ್ನಿನಿಂದ ರೈಲು ಬಂತು; ದಂಡೆಯುದ್ದಕ್ಕೂ ಹೋಟೆಲುಗಳೆದ್ದುವು. ರೋಗಿಗಳ ಹಿಂದೆಯೇ ಮದುಮಕ್ಕಳು ಬಂದರು. ನಮ್ಮ ಕಾರವಾರದ ಕಡಲಿಗೆ ೧೮೮೦ರ ದಶಕದ ಆರಂಭದಲ್ಲಿ ತರುಣ ರವೀಂದ್ರನಾಥ ಠಾಕೂರರು ಬಂದು ಕೆಲವು ತಿಂಗಳು ಇದ್ದರಲ್ಲವೆ? ಅವರು ಇಳಿದುದು ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿ. ಕವಿಗಾದರೂ ಕಡಲ ಊರಿನಲ್ಲಿ ಒಬ್ಬ ಅಣ್ಣ ಬೇಕಾಗಿತ್ತು.

ಅದೇ ೧೮೮೧-೮೨ರಲ್ಲಿ ಬೆಂಗಳೂರು-ಮೈಸೂರು ರೈಲು ನಮ್ಮ ರಾಮನಗರ, ಚನ್ನಪಟ್ಟಣಗಳನ್ನು ಹಾಯ್ದಿತು. ಕನಕಪುರಕ್ಕೂ ಮಾಗಡಿಗೂ ಇಂದಿಗೂ ರೈಲಿಲ್ಲ. ರೈಲು ಮೈಸೂರಿಗೆ ಹೋಯಿತೇ ಹೊರತು ಕಡಲಿಗೆ ಹೋಗಲಿಲ್ಲ. ಮಂಗಳೂರಿಗೆ ೧೯೦೭ರಲ್ಲಿ ರೈಲು ಬಂದರೂ ಅದು ಮದರಾಸಿನ ಕಡೆಯಿಂದ, ಮಲೆಯಾಳದ ಮೇಲೆ ಬಂದುದು.

ನಾವು ಕಡಲಿಗೆ ಹೋಗದಿದ್ದರೇನು, ಕಡಲಿನವರು ನಮ್ಮಲ್ಲಿಗೆ ಬಂದರು. ನಮ್ಮ ಸೀಮೆಗೆ ಹೋಟೆಲನ್ನು ಕಲಿಸಿದವರು ಉಡುಪಿ, ಕುಂದಾಪುರದ ಕಡೆಯವರು. ಬೆಂಗಳೂರಿನಿಂದ ಹಿಡಿದು ಸಣ್ಣ ಪೇಟೆಗಳವರೆಗೂ ಅವರ ಒಲೆಗಳು ಹೊತ್ತಿದುವು. ಕಾಸು ಕೊಟ್ಟರೆ ಪರಸ್ಥಳದಲ್ಲಿ ಊಟ ಸಿಗುತ್ತದೆಂಬ ನಂಬಿಕೆ ಹುಟ್ಟಿದುದು ಅವರಿಂದ. ಮೊದಮೊದಲು ಹೆಸರಿನ ಹಲಗೆಯಲ್ಲಿ ಜಾತಿಯೂ ಇರುತ್ತಿತ್ತು, ಈಗ ಎಂ.ಟಿ.ಆರ್. ಎಂದು ಲೋಕಕ್ಕೆಲ್ಲ ಗೊತ್ತಿರುವ ಹೋಟೆಲು ೧೯೨೪ರಲ್ಲಿ ಆರಂಭವಾದುದು ಬ್ರಾಹ್ಮಣರ ಕಾಫಿ ಕ್ಲಬ್ಬು ಎಂಬ ಹೆಸರಿನಲ್ಲಿ. ಅದು ಆ ಕಾಲದ ವಾಡಿಕೆ. ಆ ಕಾಫಿಯೇ ಮೆಲ್ಲಗೆ ವಾಡಿಕೆಯನ್ನು ಸಡಿಲಿಸಿತೆಂಬುದೂ ನಿಜ. ಮೇಲೆ ಮಹಡಿ ಕಟ್ಟಿ ನಾಲ್ಕು ಕೋಣೆ ಹಾಕಿದವರು ‘ಬೋರ್ಡಿಂಗ್ ಮತ್ತು ಲಾಡ್ಜಿಂಗ್’ ಎಂದು ಬರೆಸಿದರು. ಹಣ ಕೊಟ್ಟವರಿಗೆ ಅಗುಳಿ ಬಂದುದು ಹೀಗೆ.

೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯಕ್ಕೆ ಕಡಲೂ ಬಂತು. ಮದರಾಸಿನಿಂದ ದಕ್ಷಿಣ ಕನ್ನಡ, ಮುಂಬಯಿಯಿಂದ ಉತ್ತರ ಕನ್ನಡ ನಮ್ಮವಾದುವು. ಕಾಸರಗೋಡು ಮಾತ್ರ ಕೇರಳಕ್ಕೆ ಸೇರಿ ನೋವು ಉಳಿಯಿತು. ನಾನಾಗ ಆರು ವರ್ಷದ ಹುಡುಗ. ಶಾಲೆಯ ಗೋಡೆಗೆ ಹೊಸ ಭೂಪಟ ತೂಗುಹಾಕಿ, ಎಡಗಡೆಯ ನೀಲಿಯನ್ನು ಬೆತ್ತದಲ್ಲಿ ಮುಟ್ಟಿ, “ಇದು ಇನ್ನು ನಮ್ಮದು” ಎಂದು ಮೇಷ್ಟರು ಹೇಳಿದ್ದರು.

ಆ ನೀಲಿಯನ್ನು ನೋಡಬೇಕೆಂಬ ಆಸೆ ಈಡೇರಿದುದು ೧೯೭೬ರಲ್ಲಿ, ನನ್ನ ಮದುವೆಯ ಮೇಲೆ. ಹೆಂಡತಿಯೊಡನೆ ಮಂಗಳೂರಿಗೆ ಹೋಗುತ್ತೇನೆಂದಾಗ ನಮ್ಮ ತಂದೆ ಸಿಟ್ಟಾಗಲಿಲ್ಲ, ಆಶ್ಚರ್ಯಪಟ್ಟರು. “ಅಲ್ಲಿ ನಮ್ಮವರು ಯಾರೂ ಇಲ್ಲವಲ್ಲ, ಯಾರ ಮನೆಯಲ್ಲಿ ಇಳಿಯುತ್ತೀರಿ?” ಎಂದರು. ಯಾರ ಮನೆಯೂ ಅಲ್ಲ ಎಂದರೆ ಅವರಿಗೆ ಅರ್ಥವಾಗಲೊಲ್ಲದು. ಮನೆಯಿಲ್ಲದ ಊರಿಗೆ ಮರ್ಯಾದಸ್ಥರು ಹೆಂಡತಿಯನ್ನು ಕರೆದುಕೊಂಡು ಹೋಗುವುದುಂಟೆ?

ಹೋಟೆಲನ್ನು ಆರಿಸುವುದು ಹೇಗೆಂದು ತಿಳಿಯದೆ, ನನಗಿಂತ ಮೂರು ವರ್ಷ ಮೊದಲೇ ಮದುವೆಯಾಗಿ ಕಡಲು ನೋಡಿ ಬಂದಿದ್ದ ಸಹಪಾಠಿಯೊಬ್ಬನನ್ನು ಕೇಳಿದೆ. ಅವನು ಉಪಾಧ್ಯಾಯ; ನಮ್ಮ ಹಳ್ಳಿಯ ಹೊರಕೇರಿಯವನು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ. ಅವರಿಬ್ಬರು ಕಡಲ ಊರೊಂದಕ್ಕೆ ಸಂಜೆ ತಲಪಿ ಒಂದು ಲಾಡ್ಜಿಗೆ ಹೋದರು. ಮೇಜಿನ ಹಿಂದಿದ್ದವನು ಹೆಸರು ಕೇಳಿದ, ಊರು ಕೇಳಿದ, ತಂದೆಯ ಕಸುಬು ಕೇಳಿದ. ಆಮೇಲೆ ದಪ್ಪ ಪುಸ್ತಕವನ್ನು ಮುಚ್ಚಿ, ಕೋಣೆಗಳೆಲ್ಲ ಭರ್ತಿ ಎಂದ. ಹಿಂದೆಯೇ ಬಂದ ಇನ್ನೊಂದು ಜೋಡಿಗೆ ಕೀಲಿಕೈ ಸಿಕ್ಕುದನ್ನು ಇವರು ಮೆಟ್ಟಿಲ ಮೇಲೆ ನಿಂತು ನೋಡಿದರು. ಆ ರಾತ್ರಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಕಳೆಯಿತು. ಹೋಟೆಲು, ಧರ್ಮಶಾಲೆಗಳಲ್ಲಿ ಅಸ್ಪೃಶ್ಯತೆಯನ್ನು ಆಚರಿಸುವುದು ಅಪರಾಧವೆಂದು ೧೯೫೫ರಲ್ಲಿಯೇ ಕಾನೂನಾಗಿತ್ತು. ಕಾನೂನಿಗೆ ಹದಿನೆಂಟು ವರ್ಷ ತುಂಬಿತ್ತು. ಮೇಜಿನ ಹಿಂದಿನವನಿಗೆ ಅದು ಇನ್ನೂ ಹುಟ್ಟಿರಲಿಲ್ಲ.

“ಕೋಣೆ ಹೇಗಿದೆ ಎಂದು ನೀನು ಕೇಳು. ಕೋಣೆ ಕೊಡುತ್ತಾರೆಯೇ ಎಂದು ನಾನು ಕೇಳಬೇಕಾಗಿತ್ತು” ಎಂದ ಅವನು. ಅವನ ಮುಖದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ನನಗೆ ಕೋಣೆ ಸಿಕ್ಕಿತು. ಚನ್ನಪಟ್ಟಣದ ಬ್ಯಾಂಕಿನಲ್ಲಿದ್ದ ದಕ್ಷಿಣ ಕನ್ನಡದ ಸ್ನೇಹಿತರೊಬ್ಬರು ಕಾಗದ ಬರೆದು ಗೊತ್ತುಮಾಡಿದರು. ಹಾಸನದ ಮೇಲೆ ಮಂಗಳೂರಿಗೆ ರೈಲು ಬರಲು ಇನ್ನೂ ಮೂರು ವರ್ಷವಿತ್ತು. ರಾತ್ರಿಯೆಲ್ಲ ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿದೆವು. ಕೋಣೆಯಿಂದ ಕಡಲು ಕಾಣುತ್ತಿರಲಿಲ್ಲ. ಎದುರು ಹಂಚಿನ ಮಾಡೊಂದು ಕಾಣುತ್ತಿತ್ತು. ಉಳ್ಳಾಲಕ್ಕೆ ಸಿಟಿ ಬಸ್ಸಿನಲ್ಲಿ ಹೋಗಿ ಕಡಲು ನೋಡಿದೆವು. ನನ್ನ ಹೆಂಡತಿ ಸೀರೆಯ ನೆರಿಗೆ ಎತ್ತಿ ಹಿಡಿದು, ತೆರೆಗೆ ಹೆದರಿ, ನಕ್ಕು, ಮತ್ತೆ ಮುಂದೆ ಹೋದಳು. ಮನೆಯಲ್ಲಿ ಆಕೆ ಅಷ್ಟು ಗಟ್ಟಿಯಾಗಿ ನಕ್ಕುದನ್ನು ನಾನು ಕೇಳಿರಲಿಲ್ಲ. ಸಂಜೆ ಕೋಣೆಗೆ ಬಂದು ಅಗುಳಿ ಹಾಕಿದಾಗ ಸಹಪಾಠಿಯ ಬೆಂಚು ನೆನಪಾಯಿತು.

ಕಾಲ ತಿರುಗಿದೆ. ೧೯೭೩ರಿಂದ ರಾಮನಗರದ ಬಂಡೆಗಳಲ್ಲಿ ‘ಶೋಲೆ’ ಚಿತ್ರ ತೆಗೆದಾಗ ಹೆಸರಾಂತ ನಟರು ರಾತ್ರಿ ತಂಗಲು ಬೆಂಗಳೂರಿಗೆ ಹೋಗಬೇಕಾಗಿತ್ತು. ಈಗ ಬೆಂಗಳೂರಿನ ನವದಂಪತಿಗಳು ತಂಗಲು ನಮ್ಮ ಬಂಡೆಗಳ ಬುಡಕ್ಕೇ ಬರುತ್ತಾರೆ. ಕನಕಪುರದ ರಸ್ತೆಯಲ್ಲಿ, ಸಾವನದುರ್ಗದ ಸುತ್ತ ರೆಸಾರ್ಟುಗಳೂ ಹೋಂಸ್ಟೇಗಳೂ ಎದ್ದಿವೆ. ೨೦೨೩ರಲ್ಲಿ ತೆರೆದ ದಶಪಥ ಹೆದ್ದಾರಿ ರಾಮನಗರ, ಚನ್ನಪಟ್ಟಣಗಳನ್ನು ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ಗೋಕರ್ಣದಲ್ಲಿ ಒಂದು ಕಾಲಕ್ಕೆ ಯಾತ್ರಿಕರು ಪುರೋಹಿತರ ಮನೆಗಳಲ್ಲಿ ಇಳಿಯುತ್ತಿದ್ದರು. ಈಗ ಪುರೋಹಿತರ ಗುರುತಿಲ್ಲದವರೂ ಫೋನಿನಲ್ಲಿ ಕೋಣೆ ಹಿಡಿಯುತ್ತಾರೆ. ಮೇಜಿನ ಹಿಂದಿನವನ ಪ್ರಶ್ನೆ ಮಾತ್ರ ಪೂರ್ತಿ ಸತ್ತಿಲ್ಲ. ಇಬ್ಬರ ಹೆಸರು ಒಂದಕ್ಕೊಂದು ಹೊಂದದಂತೆ ಕಂಡರೆ ಮದುವೆಯ ಪತ್ರ ಕೇಳುವವರು ಈಗಲೂ ಉಂಟು.

ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ. ನಗದೆ ಕೇಳಿದಳು. ಆಮೇಲೆ ಫೋನು ಕೆಳಗಿಟ್ಟು, “ಆ ನಿಮ್ಮ ಸ್ನೇಹಿತರು ಮತ್ತೆ ಕಡಲಿಗೆ ಹೋದರೆ, ತಾತ?” ಎಂದಳು.

ನಾನು ಅವನನ್ನು ಎಂದೂ ಕೇಳಿರಲಿಲ್ಲ. ಇದೇ ಊರಿನಲ್ಲಿದ್ದಾನೆ, ವಾರಕ್ಕೊಮ್ಮೆ ಸಿಗುತ್ತಾನೆ. ಲಗ್ನಪತ್ರಿಕೆ ಅಚ್ಚಾದೊಡನೆ ಮೊದಲು ಅವನ ಮನೆಗೆ ಹೋಗಬೇಕೆಂದಿದ್ದೇನೆ. ಆಗ ಕೇಳುತ್ತೇನೆ.